ಗಾಜಿನಾಚೆಯ ಬಿಸಿಲು

ಕುರುಗೋಡಿನ ಗುಡ್ಡದ ಹೆಬ್ಬಂಡೆಗಳ ಮೇಲೆ ಚೈತ್ರಮಾಸದ ಎಳೆಬಿಸಿಲು ಆಗತಾನೆ ಇಳಿಯತೊಡಗಿದ್ದ ಹೊತ್ತು. ದೊಡ್ಡಬಸವೇಶ್ವರನ ಗುಡಿಯ ಗಂಟೆ ಕೇಳುವಷ್ಟು ಸಮೀಪದಲ್ಲಿರುವ ಒಂದು ಮನೆಯ ಹಿತ್ತಿಲು. ಅಲ್ಲಿ ನುಗ್ಗೆಯ ಮರದ ಪಕ್ಕಕ್ಕೆ ತಂತಿಬಲೆಯಿಂದ ಕಟ್ಟಿದ ಆಳೆತ್ತರದ ಗೂಡು. ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ಗರಿಯ ಚಪ್ಪರದ ನೆರಳು. ಒಳಗೆ ಅಡ್ಡಲಾಗಿ ಕಟ್ಟಿದ ಬೇವಿನ ಕೊಂಬೆಯ ಮೇಲೆ ಎರಡಡಿಗೆ ಸ್ವಲ್ಪ ಕಡಮೆ ಉದ್ದದ ಹಸಿರು ಪ್ರಾಣಿಯೊಂದು ಕಾಲುಗಳನ್ನು ಜೋಲುಬಿಟ್ಟು ಮಲಗಿದೆ. ಮನೆಯವರು ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರು. ಬಂದವರು ಅವರ ಹಳೆಯ ಶಿಷ್ಯರು, ಸಿರುಗುಪ್ಪದ ಸೀಮೆಯಲ್ಲಿ ಭತ್ತದ ಗದ್ದೆಯುಳ್ಳವರು.

ಸಿರುಗುಪ್ಪದವರು: ಗುರುಗಳೇ, ತಮ್ಮನ್ನು ಒಂದು ವಿಷಯ ಕೇಳಬೇಕೆಂದು ಮೊದಲ ಬಸ್ಸಿಗೇ ಹೊರಟು ಬಂದೆ, ಆದರೆ ಈ ಗೂಡನ್ನು ಕಂಡ ಮೇಲೆ ಆ ಮಾತು ಹಿಂದೆ ಸರಿದು ಬೇರೊಂದು ಮುಂದೆ ಬಂದು ನಿಂತಿದೆ. ತಾವು ಈ ವಯಸ್ಸಿನಲ್ಲಿ ಹಲ್ಲಿಯೊಂದರ ಶುಶ್ರೂಷೆಗೆ ನಿಂತಿದ್ದೀರೆಂದು ಬಳ್ಳಾರಿಯಲ್ಲಿ ಕೇಳಿದ್ದೆ. ನಂಬಿರಲಿಲ್ಲ.

ಕುರುಗೋಡಿನವರು: ನಂಬದಿದ್ದುದು ತಪ್ಪಲ್ಲಪ್ಪಾ, ನಾಲ್ಕು ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಕುಳಿತುಕೋ. ಅಲ್ಲಲ್ಲ, ಈ ಕಡೆಗೆ. ನಿನ್ನ ನೆರಳು ಅದರ ನೆತ್ತಿಯ ಮೇಲೆ ಬೀಳಬಾರದು.

ಸಿರುಗುಪ್ಪದವರು: ಬಿದ್ದರೆ ಏನಾಗುತ್ತದೆ?

ಕುರುಗೋಡಿನವರು: ಎರಡು ಕಣ್ಣುಗಳ ಹಿಂದೆ, ನೆತ್ತಿಯ ನಡುಮಧ್ಯದಲ್ಲಿ, ಸಾಸಿವೆಕಾಳಿನಷ್ಟು ಮಸಕಾದ ಒಂದು ಹುರುಪೆ ಕಾಣುತ್ತಿದೆಯಲ್ಲ, ಅದು ಇದರ ಮೂರನೆಯ ಕಣ್ಣು. ಅದಕ್ಕೆ ಆಕಾರಗಳು ತೋರುವುದಿಲ್ಲ; ಬೆಳಕು ನೆರಳುಗಳ ಭೇದವಷ್ಟೇ ತಿಳಿಯುತ್ತದೆ. ಆಕಾಶದಿಂದ ಎರಗುವ ಹದ್ದನ್ನು, ಹದ್ದು ಕಾಣುವ ಮೊದಲೇ ಅರಿಯುವುದಕ್ಕೆ ಅದಿಷ್ಟು ಸಾಕು. ಮೇಲಿನಿಂದ ಚಾಚಿದ ಕೈ ಎಷ್ಟೇ ಅಕ್ಕರೆಯಿಂದ ಚಾಚಿದ್ದಾದರೂ ಇದರ ಪಾಲಿಗೆ ಹದ್ದೇ. ಇದು ಮೊದಲು ಇದ್ದ ಮನೆಯಲ್ಲಿ ಎರಡು ವರ್ಷಗಳ ಕಾಲ, ದಿನಕ್ಕೆ ಎರಡು ಮೂರು ಸಲ, ಪೆಟ್ಟಿಗೆಯ ಮುಚ್ಚಳ ತೆಗೆದು ಮೇಲಿನಿಂದಲೇ ಕೈ ಹಾಕುತ್ತಿದ್ದರು. ಇದು ಬೆದರಿ ಮೂಲೆಗೆ ಒತ್ತಿಕೊಂಡರೆ ನಾಚಿಕೆಯೆಂದು ತಿಳಿದು ಸಂತೋಷಪಡುತ್ತಿದ್ದರು.

ಸಿರುಗುಪ್ಪದವರು: ಇದು ನಮ್ಮ ಗೋಡೆಯ ಹಲ್ಲಿಯಲ್ಲ, ಈ ಬಂಡೆಗಳ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವೂ ಅಲ್ಲ. ಯಾವ ಸೀಮೆಯದು?

ಕುರುಗೋಡಿನವರು: ಆ ಕುಲದ್ದೇ, ಆದರೆ ಸಮುದ್ರದಾಚೆಯ ನಂಟು, ಇಗುವಾನಾ ಎಂದು ಹೆಸರು. ಮೆಕ್ಸಿಕೋದಿಂದ ಮೊದಲುಗೊಂಡು ಬ್ರೆಜಿಲ್ಲಿನವರೆಗೆ ಹಬ್ಬಿರುವ ಉಷ್ಣವಲಯದ ಕಾಡುಗಳಲ್ಲಿ, ನದಿಯ ಮೇಲೆ ಬಾಗಿದ ಮರಗಳ ತುದಿಗೊಂಬೆಯಲ್ಲಿ ಬಿಸಿಲು ಕಾಯಿಸುತ್ತ, ಎಲೆಯನ್ನೂ ಹೂವನ್ನೂ ಮೇಯುತ್ತ, ಅಪಾಯ ಕಂಡರೆ ಕೆಳಗಿನ ನೀರಿಗೆ ಧುಮುಕಿ ಈಜಿಹೋಗುವ ಸಸ್ಯಾಹಾರಿ. ಸರಿಯಾಗಿ ಬೆಳೆದರೆ ಬಾಲವೂ ಸೇರಿ ಐದಡಿಯನ್ನು ಮೀರುತ್ತದೆ. ಚೆನ್ನಾಗಿ ನೋಡಿಕೊಂಡರೆ 15 ರಿಂದ 20 ವರ್ಷ ಬದುಕುತ್ತದೆ. ಬಳ್ಳಾರಿಯಲ್ಲಿ ನಮಗೆ ಬೇಕಾದವರೊಬ್ಬರ ಮಗ ಕಾಲೇಜಿನಲ್ಲಿದ್ದಾಗ ದೊಡ್ಡ ಪಟ್ಟಣದ ಒಂದು ಅಂಗಡಿಯಿಂದ, ಅಂಗೈಯಲ್ಲಿ ಹಿಡಿಸುವ ಮರಿಯಾಗಿದ್ದ ಇದನ್ನು ಕೊಂಡುತಂದ. ಎಷ್ಟು ಬೆಳೆಯುತ್ತದೆಂದು ಮಾರಿದವನು ಹೇಳಲಿಲ್ಲ, ಕೊಂಡವನು ಕೇಳಲಿಲ್ಲ. ಹುಡುಗನಿಗೆ ಕೆಲಸ ದೊರೆತು ಪರಸ್ಥಳಕ್ಕೆ ಹೋದ. ಗಾಜಿನ ಪೆಟ್ಟಿಗೆ ನಡುಮನೆಯ ಕಿಟಕಿಯ ಪಕ್ಕದಲ್ಲಿ ಉಳಿಯಿತು.

ಸಿರುಗುಪ್ಪದವರು: ಆ ಮೇಲೆ ಮನೆಯವರು ಅದನ್ನು ಮರೆತುಬಿಟ್ಟರೇನು?

ಕುರುಗೋಡಿನವರು: ಮರೆತಿದ್ದರೆ ಈ ಕಥೆಯನ್ನು ಹೇಳುವುದು ಸುಲಭವಾಗುತ್ತಿತ್ತು, ಒಬ್ಬರನ್ನು ದೂಷಿಸಿ ಮುಗಿಸಬಹುದಾಗಿತ್ತು. ಮಗನ ನೆನಪಿಗೆ ಉಳಿದ ವಸ್ತುವೆಂದು ಆ ತಾಯಿ ಅದನ್ನು ಎಷ್ಟು ಮುದ್ದಿನಿಂದ ಸಾಕಿದರೆಂದರೆ, ತಾವು ಉಣ್ಣುವುದನ್ನೆಲ್ಲ ಅದಕ್ಕೂ ಉಣಿಸಿದರು: ಅನ್ನ, ಬಿಸ್ಕತ್ತು, ಬೇಯಿಸಿದ ಮೊಟ್ಟೆ, ಯುಗಾದಿಗೆ ಹೋಳಿಗೆಯ ಚೂರು. ಸೊಪ್ಪು ತಿನ್ನುತ್ತದೆಂದು ಯಾರೋ ಹೇಳಿದ ಮೇಲೆ ದಿನವೂ ಪಾಲಕ್ ತಂದು ಹಾಕಿದರು. ಅದರಲ್ಲಿರುವ ಆಕ್ಸಲಿಕ್ ಆಮ್ಲ ಸುಣ್ಣದ ಅಂಶವನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆಂಬುದು ಅವರಿಗೆ ಹೇಗೆ ತಿಳಿಯಬೇಕು? ಮೊದಮೊದಲು ಕಿಟಕಿಯ ಬಾಗಿಲು ತೆರೆದಿರುತ್ತಿತ್ತಂತೆ; ಪೆಟ್ಟಿಗೆಯ ಮುಚ್ಚಳದ ಬಲೆಯಿಂದ ಮುಂಜಾನೆಯ ಬಿಸಿಲು ಒಂದಿಷ್ಟು ಒಳಗಿಳಿಯುತ್ತಿತ್ತು. ಒಂದು ದಿನ ಇದು ಸೀನಿದ್ದನ್ನು ಅವರು ಕಂಡರು. ಗಾಜಿನ ಒಳಮೈಯಲ್ಲಿ ಬಿಳಿಯ ಚುಕ್ಕೆಗಳು ಒಣಗಿದ್ದನ್ನು ಕಂಡರು. ನೆಗಡಿಯೆಂದು ಗಾಬರಿಯಾಗಿ, ಗಾಳಿ ತಾಕದಿರಲೆಂದು ಕಿಟಕಿಯನ್ನು ಮುಚ್ಚಿದರು. ಅದು ನೆಗಡಿಯಲ್ಲ, ಮೈಯಲ್ಲಿ ಮಿಕ್ಕ ಲವಣವನ್ನು ಮೂಗಿನ ಗ್ರಂಥಿಗಳಿಂದ ಸೀನಿ ಹೊರಹಾಕುವುದು ಈ ಜಾತಿಯ ಸಹಜಧರ್ಮ. ಆರೋಗ್ಯದ ಲಕ್ಷಣವನ್ನು ರೋಗವೆಂದು ತಿಳಿದು, ಇದ್ದ ಒಂದೇ ಔಷಧಕ್ಕೆ ಬಾಗಿಲಿಕ್ಕಿದ ಹಾಗಾಯಿತು.

ಸಿರುಗುಪ್ಪದವರು: ಕಿಟಕಿಗೆ ಗಾಜಿತ್ತಷ್ಟೆ? ಬೆಳಕು ಬರುತ್ತಲೇ ಇತ್ತಲ್ಲ? ಬಳ್ಳಾರಿಯಲ್ಲಿ ಬಿಸಿಲಿಗೆ ಬರವೆಂದರೆ ಯಾರು ನಂಬುತ್ತಾರೆ?

ಕುರುಗೋಡಿನವರು: ಇದನ್ನು ತೋರಿಸಲು ಕರೆದೊಯ್ದಾಗ ಪಶುವೈದ್ಯರನ್ನು ನಾನೂ ಅದನ್ನೇ ಕೇಳಿದೆ. ಅವರು ನನಗೆ, ನಾನೇ ನಿನಗೆ ಹೇಳಿಕೊಡಬೇಕಾಗಿದ್ದ ಪಾಠವನ್ನು ಹೇಳಿದರು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆಯಷ್ಟೆ. ಅವುಗಳಲ್ಲಿ 290 ರಿಂದ 320 ನ್ಯಾನೋಮೀಟರ್ ಅಲೆಯುದ್ದದ ಭಾಗ ಚರ್ಮಕ್ಕೆ ತಾಗಿದಾಗ ಮೈಯೊಳಗೆ ಡಿ ಜೀವಸತ್ವ ಹುಟ್ಟುತ್ತದೆ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಬಿಸಿಯನ್ನೂ ಬಿಡುತ್ತದೆ. ಬೇಕಾದ ಆ ಕಿರಣವನ್ನು ಮಾತ್ರ ಬಾಗಿಲಲ್ಲೇ ತಡೆಯುತ್ತದೆ. ಡಿ ಜೀವಸತ್ವವಿಲ್ಲದೆ ತಿಂದ ಸುಣ್ಣ ರಕ್ತಕ್ಕೆ ಸೇರುವುದಿಲ್ಲ. ಆದರೆ ಹೃದಯ ಬಡಿಯುವುದಕ್ಕೆ, ಸ್ನಾಯು ಬಿಗಿಯುವುದಕ್ಕೆ ಸುಣ್ಣ ಬೇಕೇಬೇಕು. ಆಗ ದೇಹ ತನ್ನ ಎಲುಬುಗಳಿಂದಲೇ ಅದನ್ನು ತೆಗೆದುಕೊಳ್ಳುತ್ತದೆ. ಒಲೆ ಆರದಿರಲೆಂದು ಮನೆಯ ತೊಲೆಗಳನ್ನೇ ಒಂದೊಂದಾಗಿ ಕಿತ್ತು ಉರಿಹಾಕಿದಂತೆ. ಜಿಲ್ಲೆಯೆಲ್ಲ ಬಿಸಿಲಿನಿಂದ ಬೇಯುತ್ತಿರುವಾಗ ಈ ಒಂದು ಜೀವ ಒಂದಂಗುಲದ ಕಾಲುಭಾಗವೂ ದಪ್ಪವಿಲ್ಲದ ಗಾಜಿನ ಹಿಂದೆ ಬಿಸಿಲಿಲ್ಲದೆ ಸಾಯುತ್ತಿತ್ತು.

ಸಿರುಗುಪ್ಪದವರು: ಮಕ್ಕಳ ಕಾಲು ಬಾಗುವ ರೋಗವನ್ನು ತಾವು ಪಾಠದಲ್ಲಿ ಹೇಳಿದ್ದು ನೆನಪಾಗುತ್ತದೆ.

ಕುರುಗೋಡಿನವರು: ಅದೇ ರೋಗದ ಒಡಹುಟ್ಟು ಇದು. ಮೊದಲನೆಯ ಮಹಾಯುದ್ಧ ಮುಗಿದಾಗ ಬರ್ಲಿನ್ನಿನ ಮಕ್ಕಳಲ್ಲಿ ಆ ರೋಗ ವಿಪರೀತವಾಗಿತ್ತು. 1919ರಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯ ಅಂಥ ಮಕ್ಕಳನ್ನು ಪಾದರಸದ ದೀಪದ ಕಿರಣಗಳಿಗೆ ಒಡ್ಡಿ ಗುಣಪಡಿಸಿ ತೋರಿಸಿದ. ಡಿ ಜೀವಸತ್ವಕ್ಕೆ ಹೆಸರಿಟ್ಟದ್ದು ಅದಕ್ಕೂ ಕೆಲವು ವರ್ಷಗಳ ಈಚೆಗೆ. ಗಮನಿಸಬೇಕಾದ ಅಂಶವೆಂದರೆ, ಆ ದೀಪದ ನಳಿಗೆಯನ್ನು ಮಾಡಿದ್ದುದು ಗಾಜಿನಿಂದಲ್ಲ, ಸ್ಫಟಿಕಶಿಲೆಯಿಂದ. ಗಾಜಿನದಾಗಿದ್ದರೆ ಆ ಮಕ್ಕಳಿಗೂ ಬೆಳಕು ಮಾತ್ರ ದೊರೆಯುತ್ತಿತ್ತು, ಗುಣ ದೊರೆಯುತ್ತಿರಲಿಲ್ಲ.

ಸಿರುಗುಪ್ಪದವರು: ಇದನ್ನು ತಾವು ತಂದಾಗ ಯಾವ ಸ್ಥಿತಿಯಲ್ಲಿತ್ತು?

ಕುರುಗೋಡಿನವರು: ಮಾರ್ಗಶಿರದ ಚಳಿಯ ದಿನಗಳು. ಆ ತಾಯಿ ಕರೆಕಳುಹಿಸಿ, ಸಾಯುವುದಾದರೆ ತಮ್ಮ ಕಣ್ಣೆದುರಿಗೆ ಸಾಯುವುದು ಬೇಡವೆಂದು ಅತ್ತು, ಇದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿತ್ತರು. ಎತ್ತಿಕೊಂಡರೆ ಒದ್ದೆಬಟ್ಟೆಯ ಹಾಗೆ ಎರಡೂ ಕಡೆಗೆ ಜೋತುಬಿತ್ತು. ತೊಡೆಗಳು ದಪ್ಪಗಿದ್ದವು, ಮೈದುಂಬಿದೆಯೆಂದೇ ಅವರು ತಿಳಿದಿದ್ದರು. ಅದು ಎಲುಬು ಸೋತಲ್ಲಿ ದೇಹ ನಾರಿನಿಂದ ಕಟ್ಟಿಕೊಂಡ ಊತ. ಕೆಳದವಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ನೆನೆಸಿದ ಹುಣಸೆಹಣ್ಣಿನಂತೆ ತಗ್ಗಿತು. ಕಾಲ್ಬೆರಳುಗಳು ತಾವಾಗಿ ನಡುಗುತ್ತಿದ್ದವು. ಕಳಚದೆ ಉಳಿದ ಹಳೆಯ ಪೊರೆ ಬೆರಳುಗಳಿಗೆ ಉಂಗುರದ ಹಾಗೆ ಬಿಗಿದಿತ್ತು. ಒಂದು ಬೆರಳಿನ ತುದಿ ಆಗಲೇ ಕಪ್ಪಾಗಿ ಒಣಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: 180 ಗ್ರಾಂ.

ಸಿರುಗುಪ್ಪದವರು: ಗುರುಗಳೇ, ಸಿಟ್ಟಾಗಬಾರದು. ಕಾಲುವೆಗೆ ನೀರು ಬಾರದ ವರ್ಷ ಮೇವಿಲ್ಲದೆ ದನಗಳನ್ನು ಸಂತೆಗೆ ಹೊಡೆದವರು ನಾವು. ಅವು ತಿರುಗಿ ನೋಡಿದ್ದನ್ನು ಇನ್ನೂ ಮರೆತಿಲ್ಲ. ಹಾಲು ಕೊಡದ, ಉಳದ, ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡದ ಈ ಪ್ರಾಣಿಗೆ ಇಷ್ಟು ಕಾಲವನ್ನೂ ಕರುಣೆಯನ್ನೂ ವ್ಯಯಿಸಬೇಕೆ?

ಕುರುಗೋಡಿನವರು: ನ್ಯಾಯವಾದ ಪ್ರಶ್ನೆ, ನಾನೂ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವನ್ನು ನಿಮಗೆಲ್ಲ ತೋರಿಸಿದ್ದೆನಲ್ಲವೆ? ನೂತನ ಶಿಲಾಯುಗದ ಜನ ದನಗಳನ್ನು ಕೂಡುತ್ತಿದ್ದ ದೊಡ್ಡಿಯಲ್ಲಿ ಸೆಗಣಿ ರಾಶಿಬಿದ್ದು, ಮತ್ತೆ ಮತ್ತೆ ಸುಟ್ಟು ಬೂದಿಯಾಗಿ ಎದ್ದ ದಿಬ್ಬ ಅದು. ಎಂದರೆ, ಈ ನೆಲದ ಜನಕ್ಕೆ ದನವನ್ನು ಬಲ್ಲ ವಿದ್ಯೆ 4000 ವರ್ಷಗಳಿಗೂ ಹಿಂದಿನಿಂದ ಬಂದದ್ದು. ಆಕಳಿಗೆ ಹೊಟ್ಟೆಯುಬ್ಬರಿಸಿದರೆ ಏನು ಮಾಡಬೇಕೆಂದು ನಿಮ್ಮ ಮುತ್ತಜ್ಜಿಗೂ ಗೊತ್ತಿತ್ತು. ಅದನ್ನು ಯಾರಿಂದ ಕಲಿತೆನೆಂಬುದು ಮಾತ್ರ ಆಕೆಗೆ ನೆನಪಿರಲಿಲ್ಲ. ಈ ಪ್ರಾಣಿಯ ವಿಷಯದಲ್ಲಿ ನಮಗೆ ಅಂಥ ಅಜ್ಜಿಯೊಬ್ಬಳೂ ಇಲ್ಲ. ಹಸಿದರೆ ಕೂಗುವುದಿಲ್ಲ, ನೊಂದರೆ ಕಣ್ಣೀರಿಡುವುದಿಲ್ಲ, ಮುಖದಲ್ಲಿ ಭಾವವೊಂದೂ ಮೂಡುವುದಿಲ್ಲ. ದನದ ಮೇಲಿನ ನಮ್ಮ ಕರುಣೆಗೆ ಅದರ ಕಣ್ಣೇ ಅರ್ಧ ಹಾದಿಯವರೆಗೆ ಬಂದು ಕೈ ಹಿಡಿಯುತ್ತದೆ. ಇಲ್ಲಿ ಇಡೀ ಹಾದಿಯನ್ನೂ ನಾವೇ ನಡೆಯಬೇಕು, ಮತ್ತು ತಿಳಿವಳಿಕೆಯ ಕಾಲಿನಿಂದ ನಡೆಯಬೇಕು. ಕರುಣೆ ಆ ಮನೆಯಲ್ಲಿ ಬೇಕಾದಷ್ಟಿತ್ತು ತಮ್ಮಾ. ಇಲ್ಲದಿದ್ದುದು, ಇದು ಯಾರು, ಎಲ್ಲಿಯದು, ಏನುಂಡು ಹೇಗೆ ಬದುಕುತ್ತದೆ ಎಂಬ ವಿಚಾರಣೆ.

ಸಿರುಗುಪ್ಪದವರು: ಹಾಗಾದರೆ ಮೊದಲು ಏನು ಮಾಡಿದಿರಿ? ಆಹಾರವನ್ನೇ ತಾನೆ?

ಕುರುಗೋಡಿನವರು: ನನ್ನ ಆತುರವೂ ಅದೇ ಆಗಿತ್ತು. ವೈದ್ಯರು ತಡೆದರು. ಮೊದಲು ನೀರು, ಆಮೇಲೆ ಶಾಖ, ಕೊನೆಗೆ ಆಹಾರ. ಈ ಕ್ರಮವನ್ನು ಮುರಿದರೆ ನಿಮ್ಮ ಕೈಯಿಂದಲೇ ಸಾಯುತ್ತದೆಂದರು. ಒಣಗಿದ ಮೈಗೆ ಆಹಾರವೇ ಭಾರ; ಶೀತರಕ್ತದ ಪ್ರಾಣಿಗೆ ಹೊರಗಿನ ಬಿಸಿಯಿಲ್ಲದೆ ಜಠರಾಗ್ನಿಯಿಲ್ಲ, ತಣ್ಣಗಿರುವಾಗ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ದಿನವೂ ಬೆಳಿಗ್ಗೆ ಅಗಲವಾದ ಬೋಗುಣಿಯಲ್ಲಿ ಮೊಣಕೈ ಮುಳುಗುವಷ್ಟು ಉಗುರುಬೆಚ್ಚನೆಯ ನೀರು ಹಾಕಿ, ಗದ್ದಕ್ಕೆ ಅಂಗೈ ಆನಿಸಿ, ಕಾಲು ಗಂಟೆ ಕುಳ್ಳಿರಿಸುತ್ತಿದ್ದೆ. ಮೂರನೆಯ ದಿನ ಗಂಟಲಿನ ಸಡಿಲ ಚರ್ಮ ಒಂದೇ ಸಮನೆ ಮೇಲೆ ಕೆಳಗೆ ಅಲುಗಿತು, ಕುಡಿಯುತ್ತಿತ್ತು. ನೆನೆದ ಪೊರೆಯನ್ನು ಎಳೆಯದೆ, ಹತ್ತಿಯಿಂದ ತೀಡಿ ತೀಡಿ ಬೆರಳುಗಳ ಉಂಗುರ ಬಿಡಿಸುವುದಕ್ಕೆ ಎರಡು ವಾರ ಹಿಡಿಯಿತು. ಕಪ್ಪಾಗಿದ್ದ ಬೆರಳು ಉಳಿಯಲಿಲ್ಲ. ರಾತ್ರಿಯ ಚಳಿಗೆ ಬಿಸಿನೀರಿನ ಸೀಸೆಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಬುಟ್ಟಿಯ ಒಂದು ಮೂಲೆಗೆ ಮಾತ್ರ ಇಡುತ್ತಿದ್ದೆ. ಬೇಕಾದರೆ ಹತ್ತಿರ ಹೋಗಲಿ, ಬೇಡವಾದರೆ ದೂರ ಸರಿಯಲಿ ಎಂದು.

ಸಿರುಗುಪ್ಪದವರು: ಬಿಸಿಲಿಗೆ?

ಕುರುಗೋಡಿನವರು: ಬೆಳಗಿನ ಬಿಸಿಲಿಗೆ, ಬಲೆಯ ಬುಟ್ಟಿಯಲ್ಲಿ, ಅರ್ಧ ನೆರಳು ಮಾಡಿ. ಗಾಜಿನ ಪೆಟ್ಟಿಗೆಯನ್ನು ಎಂದೂ ಬಿಸಿಲಿಗಿಡಬಾರದು. ಅದು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಇದಕ್ಕೆ ಹಿತವಾದದ್ದು 32 ರಿಂದ 35 ಡಿಗ್ರಿಯ ಬೆಚ್ಚನೆಯ ತಾಣ. ನಮ್ಮ ವೈಶಾಖದ 40 ಡಿಗ್ರಿಯ ಮಧ್ಯಾಹ್ನವೂ ಕೊಲ್ಲುತ್ತದೆ, ಗಾಜಿನ ಹಿಂದಿನ ನೆರಳೂ ಕೊಲ್ಲುತ್ತದೆ. ಎರಡರ ನಡುವೆ ತಾನಾಗಿ ಸರಿದಾಡುವ ಸ್ವಾತಂತ್ರ್ಯವೇ ಅದರ ಆರೋಗ್ಯ. ಇದರ ಕಾಡಿನ ಗಾಳಿ ತೇವದ್ದು, ನಮ್ಮದು ಒಣಗಾಳಿ. ಅದಕ್ಕಾಗಿ ಗೂಡಿನ ನೆರಳಿನ ಬದಿಗೆ ಒದ್ದೆಗೋಣಿ ಕಟ್ಟಿರುವುದನ್ನು ನೋಡುತ್ತಿದ್ದೀಯೆ.

ಸಿರುಗುಪ್ಪದವರು: ಕಡೆಗೆ ತಿಂದದ್ದು ಎಂದು?

ಕುರುಗೋಡಿನವರು: ಒಂಬತ್ತನೆಯ ದಿನ. ಅಲ್ಲಿಯವರೆಗೆ ವೈದ್ಯರು ಅಳೆದು ಹೇಳಿದ್ದ ಕ್ಯಾಲ್ಸಿಯಂ ಔಷಧವನ್ನೂ ನುಣ್ಣಗೆ ಅರೆದ ಸೊಪ್ಪಿನ ನೀರನ್ನೂ ತುಟಿಯಂಚಿಗೆ ಹನಿಹನಿಯಾಗಿ ತಾಗಿಸುತ್ತಿದ್ದೆ, ನೆಕ್ಕಿದರೆ ನೆಕ್ಕಿತು. ಬಾಯನ್ನು ಬಿಡಿಸುವ ಪ್ರಯತ್ನ ಮಾಡಿದರೆ ಆ ದವಡೆ ಮುರಿದೇ ಹೋಗುತ್ತಿತ್ತು. ಆ ದಿನ ಬಿಸಿಲಿನಲ್ಲಿ ಮಲಗಿದ್ದಾಗ ದಾಸವಾಳದ ಕೆಂಪು ಹೂವೊಂದನ್ನು ಅದರ ಮುಂದೆ ಇಟ್ಟು ದೂರ ಕುಳಿತೆ. ಬಹಳ ಹೊತ್ತು ಕದಲಲಿಲ್ಲ. ಆಮೇಲೆ ದಪ್ಪನೆಯ ನಾಲಗೆಯ ತುದಿ ಹೊರಬಂದು ಎಸಳನ್ನು ಮುಟ್ಟಿತು, ಮತ್ತೆ ಮುಟ್ಟಿತು, ತಲೆಯನ್ನು ಓರೆಮಾಡಿ ಕಚ್ಚಿತು. ಹರಿಯಲು ಬಲ ಸಾಲದೆ ಹೂವು ಕೆಳಗೆ ಬಿತ್ತು. ಎತ್ತಿಕೊಡಲು ಹೋದವನು ನನ್ನನ್ನು ನಾನೇ ತಡೆದುಕೊಂಡೆ. ಅದು ಮುಂಗಾಲುಗಳನ್ನು ಊರಿ, ಒಂದು ಗೇಣಿನಷ್ಟು ದೂರ ಮೈಯನ್ನು ಎಳೆದುಕೊಂಡು ಹೋಗಿ, ಹೂವನ್ನು ಮತ್ತೆ ಹಿಡಿಯಿತು. ಇಪ್ಪತ್ತು ವರ್ಷ ಪಾಠ ಹೇಳಿದ ಕೋಣೆಯಲ್ಲಿ ಅಕ್ಷರ ಕೂಡದ ಹುಡುಗ ಮೊದಲ ವಾಕ್ಯವನ್ನು ತಾನಾಗಿ ಓದಿದಾಗ ಆಗುತ್ತಿದ್ದ ಸಂತೋಷ ಎಂಥದೆಂದು ಆಗ ಮತ್ತೆ ನೆನಪಾಯಿತು.

ಸಿರುಗುಪ್ಪದವರು: ಈಗ ಪೂರ್ತಿ ಗುಣವಾದಂತೆಯೆ?

ಕುರುಗೋಡಿನವರು: ಪೂರ್ತಿ ಎನ್ನಲಾರೆ. ನುಗ್ಗೆಯ ಸೊಪ್ಪು, ಹಿಪ್ಪುನೇರಳೆ ಮತ್ತು ದಾಸವಾಳದ ಎಲೆ, ಕುಂಬಳದ ಚೂರು ಇದರ ಊಟ. ಸುಣ್ಣದ ಅಂಶ ರಂಜಕದ ಎರಡರಷ್ಟಿರಬೇಕೆಂಬುದು ಲೆಕ್ಕ. ನುಗ್ಗೆಯ ಎಲೆ ಚಿಕ್ಕದು, ಹರಿಯಬೇಕಾಗಿಲ್ಲ. ದುರ್ಬಲವಾದ ದವಡೆಗೆ ಅದೇ ವರವಾಯಿತು. ಪ್ರತಿ ಸೋಮವಾರ ತೂಗಿ ಬರೆದಿಡುತ್ತೇನೆ. ಈ ವಾರ 290 ಗ್ರಾಂ. ದವಡೆ ಗಟ್ಟಿಯಾಗಿದೆ, ನಡುಕ ನಿಂತಿದೆ. ಆದರೆ ಬೆನ್ನಿನ ಆ ಡೊಂಕನ್ನು ನೋಡು. ಬಾಗಿದ ಎಲುಬು ಬಾಗಿದಂತೆಯೇ ಗಟ್ಟಿಯಾಗಿದೆ, ಇನ್ನದು ನೆಟ್ಟಗಾಗುವುದಿಲ್ಲ. ಉಪಚಾರ ಮುಂದಿನ ದಿನಗಳನ್ನು ಕೊಡಬಲ್ಲುದು. ಹಿಂದಿನ ದಿನಗಳನ್ನು ತಿದ್ದಲಾರದು. ಮುಟ್ಟಬೇಡ ಎನ್ನುವುದಿಲ್ಲ, ಪಕ್ಕದಿಂದ ಮುಟ್ಟು. ಬಾಲವನ್ನು ಮಾತ್ರ ಹಿಡಿಯಬೇಡ, ಕಳಚಿಬರುತ್ತದೆ. ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೋ. ಈ ಪ್ರಾಣಿಗಳ ಮೈಯಲ್ಲಿ ಹೊಟ್ಟೆಯನ್ನು ಕೆಡಿಸುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿ ಇರುವುದುಂಟು.

ಸಿರುಗುಪ್ಪದವರು: ಚೆನ್ನಾದ ಮೇಲೆ ಗುಡ್ಡಕ್ಕೆ ಬಿಡಬಹುದಲ್ಲವೆ?

ಕುರುಗೋಡಿನವರು: ಎಂದಿಗೂ ಕೂಡದು. ಅಮೆರಿಕದ ಫ್ಲಾರಿಡಾದಲ್ಲಿಯೂ ಪೋರ್ಟೊ ರೀಕೋ ದ್ವೀಪದಲ್ಲಿಯೂ ಸಾಕಿದವರು ಬಿಟ್ಟ ಇಗುವಾನಾಗಳು ಸಂತಾನ ಬೆಳೆಸಿ ತೋಟಗಳಿಗೂ ಕಾಲುವೆಯ ದಂಡೆಗಳಿಗೂ ಕಂಟಕವಾಗಿವೆ. ಇಲ್ಲಿ ಇದು ಒಂಟಿಯಾಗಿ ಸಾಯುತ್ತದೆ, ಇಲ್ಲವೆ ಇನ್ನೊಂದರ ಬಾಳಿಗೆ ಅಡ್ಡಬರುತ್ತದೆ. ಇಂಥ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂದು, ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ 2024ರಲ್ಲಿ ನಿಯಮಗಳೂ ಬಂದಿವೆ. ಆ ಕಾಗದಪತ್ರದ ಕೆಲಸವನ್ನೂ ಮುಗಿಸಿಕೊಂಡಿದ್ದೇನೆ. ಇದರ ಊರು ಸಮುದ್ರದಾಚೆ ಉಳಿಯಿತು. ಬಿಸಿಲು, ನೀರು, ಎಲೆಗಳಿಂದ ಆ ಊರಿನ ಒಂದು ಅಣಕವನ್ನು ಈ ಹಿತ್ತಿಲಿನಲ್ಲಿ ಕಟ್ಟಿಕೊಡುವುದಷ್ಟೇ ನನ್ನಿಂದಾಗುವ ಕೆಲಸ. ಇರಲಿ, ನೀನು ಕೇಳಬೇಕೆಂದು ಬಂದ ಮಾತು ಏನು?

ಸಿರುಗುಪ್ಪದವರು: ಇಷ್ಟನ್ನು ಕೇಳಿದ ಮೇಲೆ ಅದನ್ನು ಹೇಳಲು ನಾಲಗೆ ಹಿಂಜರಿಯುತ್ತದೆ. ಎಂಟು ದಿನಗಳ ಹಿಂದೆ ನಮ್ಮ ಗದ್ದೆಯ ಬದುವಿನಲ್ಲಿ ನಾಯಿಗಳು ಅಟ್ಟಿ ಗಾಯಮಾಡಿದ ಒಂದು ಉಡವನ್ನು ನನ್ನ ಮಕ್ಕಳು ಬಿಡಿಸಿ ತಂದರು. ಕೊಲ್ಲಲಿಲ್ಲ, ಮಾರಲಿಲ್ಲ, ಸಾಕುತ್ತೇವೆಂದು ಕೊಟ್ಟಿಗೆಯ ಗೂಟಕ್ಕೆ ನಡುವಿಗೆ ಹಗ್ಗ ಕಟ್ಟಿ ಇಟ್ಟಿದ್ದಾರೆ. ಹಾಲು ಇಟ್ಟರು, ಅನ್ನ ಇಟ್ಟರು, ಮುಟ್ಟಲಿಲ್ಲ. ಈಗ ಕಣ್ಣು ಮುಚ್ಚಿ ಮಲಗಿಬಿಟ್ಟಿದೆ. ಉಡ ಮನೆ ಹೊಕ್ಕರೆ ಒಳ್ಳೆಯದಲ್ಲವೆಂದು ತಾಯಿ ಹೆದರಿದ್ದಾರೆ. ಸತ್ತರೆ ಪಾಪವೆಂದು ಮಕ್ಕಳು ಅಳುತ್ತಿದ್ದಾರೆ. ಏನು ತಿನ್ನಿಸಬೇಕೆಂದು ಕೇಳಲು ಬಂದೆ.

ಕುರುಗೋಡಿನವರು: ಭಾಗವತದ ದಶಮಸ್ಕಂಧದಲ್ಲಿ ನೃಗರಾಜನ ಕಥೆಯಿದೆ, ಕೇಳಿದ್ದೀಯಾ? ಲೆಕ್ಕವಿಲ್ಲದಷ್ಟು ಗೋದಾನ ಮಾಡಿದ ದೊರೆ. ಒಬ್ಬ ಬ್ರಾಹ್ಮಣನಿಗೆ ಕೊಟ್ಟ ಹಸು ತಪ್ಪಿಸಿಕೊಂಡು ಮತ್ತೆ ಅರಸನ ಮಂದೆಗೇ ಬಂದು ಸೇರಿತು. ಅವನು ಅರಿಯದೆ ಅದನ್ನೇ ಇನ್ನೊಬ್ಬನಿಗೆ ದಾನವಿತ್ತ. ಆ ಒಂದು ಅರಿಯದ ತಪ್ಪಿಗಾಗಿ ಓತಿಯಾಗಿ ಹುಟ್ಟಿ ನೀರಿಲ್ಲದ ಬಾವಿಯಲ್ಲಿ ಬಿದ್ದಿದ್ದ. ನೀರನ್ನು ಅರಸುತ್ತ ಬಂದ ಯಾದವಬಾಲಕರು ಕನಿಕರದಿಂದ ತೊಗಲಿನ ಹಗ್ಗಗಳನ್ನೂ ನೂಲಿನ ಹಗ್ಗಗಳನ್ನೂ ತಂದು ಬಿಗಿದು ಎಳೆದರು, ಆಗಲಿಲ್ಲ. ಕೊನೆಗೆ ಕೃಷ್ಣ ಬಂದು ಎಡಗೈಯಿಂದ ಎತ್ತಿದ. ಈ ನಾಲ್ಕು ತಿಂಗಳಲ್ಲಿ ಆ ಕಥೆಯನ್ನು ಎಷ್ಟೋ ಸಲ ನೆನೆದಿದ್ದೇನೆ. ದುಷ್ಟತನವೇ ಇಲ್ಲದ ಕಡೆಯೂ ತಪ್ಪು ನಡೆಯುತ್ತದೆ, ಅದರ ಫಲವೂ ಉಂಟಾಗುತ್ತದೆ ಎಂಬುದು ಅದರ ಒಂದು ಮುಖ. ಕನಿಕರದಿಂದ ತಂದ ಹಗ್ಗವೂ ಹಗ್ಗವೇ ಎಂಬುದು ಇನ್ನೊಂದು. ನಿನ್ನ ಮಕ್ಕಳು ಒಳ್ಳೆಯವರು. ನಾಯಿಯ ಬಾಯಿಂದ ಬಿಡಿಸಿದಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿ. ಅಲ್ಲಿಂದ ಮುಂದೆ ಬೇಕಾಗಿದ್ದುದು ಹಗ್ಗವಲ್ಲ.

ಸಿರುಗುಪ್ಪದವರು: ಹಾಗಾದರೆ ಆಹಾರ?

ಕುರುಗೋಡಿನವರು: ಆಹಾರದ ಮಾತೇ ಬೇಡ. ಹಾಲು ಅದಕ್ಕೆ ಹಿಡಿಸುವುದಿಲ್ಲ. ಮೊಲೆಯುಣ್ಣದ ಕುಲ ಅದು. ಜೀರುಂಡೆ, ಏಡಿ, ಇಲಿ, ಮೊಟ್ಟೆ ಅದರ ಊಟ. ನಿನ್ನ ಬದುವನ್ನು ತೂತುಮಾಡುವ ಏಡಿಯನ್ನೂ ಭತ್ತ ಕದಿಯುವ ಇಲಿಯನ್ನೂ ಅದು ಎಷ್ಟೋ ವರ್ಷದಿಂದ ನೀನು ಕೂಲಿ ಕೊಡದೆ ತಿಂದು ಕಾಯುತ್ತ ಬಂದಿರಬೇಕು. ಹೊಲದ ಹುತ್ತಗಳಲ್ಲಿ ಮೊಟ್ಟೆಯಿಡುವ ಈ ಪ್ರಾಣಿಯನ್ನು ನಾವು ನಡೆಸಿಕೊಂಡ ಬಗೆ ಮಾತ್ರ ಹೇಳಿಕೊಳ್ಳುವಂಥದಲ್ಲ. ತೊಗಲಿಗಾಗಿ ಖಂಜಿರಕ್ಕೆ ಬಿಗಿದೆವು, ಎಣ್ಣೆಗಾಗಿ ಕಾಯಿಸಿದೆವು. ಸಂಡೂರಿನ ಘೋರ್ಪಡೆ ಮನೆತನದ ಹೆಸರೇ ಉಡದಿಂದ ಬಂದದ್ದೆಂದು ಪ್ರತೀತಿ. ಅವರ ಪೂರ್ವಿಕರೊಬ್ಬರು ಉಡದ ಹಿಡಿತವನ್ನು ನಂಬಿ ಕೋಟೆಯ ಗೋಡೆಯನ್ನೇರಿದರಂತೆ. ನಂಬಿಕೆಗೆ ಹೆಸರಾದ ಜೀವಕ್ಕೆ ನಮ್ಮಿಂದ ದೊರೆತದ್ದು ಗೂಟ. ಈಗ ಕಾಯಿದೆಯೂ ಸ್ಪಷ್ಟವಾಗಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಉಡವೂ ಇದೆ. ಸಾಕುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಸಿರುಗುಪ್ಪದವರು: ಅದು ಗೊತ್ತಿರಲಿಲ್ಲ. ಈಗ ಏನು ಮಾಡಬೇಕು?

ಕುರುಗೋಡಿನವರು: ಇಲ್ಲಿಂದಲೇ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ, ನಾಯಿಯಿಂದ ಬಿಡಿಸಿದ್ದು, ಗಾಯವಾಗಿದೆ, ಬಂದು ಒಯ್ಯಿರಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳು, ಅಳುಕಬೇಡ. ಆಮೇಲೆ ಮನೆಗೆ ಹೇಳು: ದಪ್ಪ ಗೋಣಿಯನ್ನು ತಲೆಯ ಮೇಲೆ ಮೆಲ್ಲಗೆ ಹೊದಿಸಲಿ, ಕತ್ತಲಾದರೆ ಅದು ಶಾಂತವಾಗುತ್ತದೆ. ಹಗ್ಗವನ್ನು ಎಳೆದು ಬಿಚ್ಚುವುದು ಬೇಡ. ದೊಡ್ಡವರೊಬ್ಬರು ಬಾಯಿಯಿಂದಲೂ ಬಾಲದಿಂದಲೂ ದೂರ ನಿಂತು ಕತ್ತರಿಯಿಂದ ಕತ್ತರಿಸಲಿ. ಗಾಳಿಯಾಡುವ ದೊಡ್ಡ ಬುಟ್ಟಿ ಮುಚ್ಚಿ, ನೆರಳಿನಲ್ಲಿಟ್ಟು, ಅಗಲವಾದ ತಟ್ಟೆಯಲ್ಲಿ ನೀರಿಡಲಿ. ಮಕ್ಕಳು ದೂರವಿರಲಿ, ಮಾತು ಕಡಮೆಯಿರಲಿ. ಇಷ್ಟೇ. ಇದಕ್ಕೆ ನಾನು ಊರನ್ನೇ ಕಟ್ಟಿಕೊಡಬೇಕಾಯಿತು; ಆ ಉಡದ ಊರು ನಿನ್ನ ಕೊಟ್ಟಿಗೆಯಿಂದ ಎರಡು ಗದ್ದೆಯಾಚೆಗಿದೆ. ಗಾಯ ಮಾಯ್ದ ಮೇಲೆ ಅಲ್ಲಿಗೆ ಹೋಗಲಿ.

ಸಿರುಗುಪ್ಪದವರು: ಮಕ್ಕಳಿಗೆ ಏನು ಹೇಳಲಿ, ಗುರುಗಳೇ? ಅದಕ್ಕೆ ಹೆಸರು ಕೂಡ ಇಟ್ಟಿದ್ದಾರೆ.

ಕುರುಗೋಡಿನವರು: ಬೈಯಬೇಡ. ಬೈದರೆ ಮುಂದಿನ ಸಲ ನಾಯಿಯ ಬಾಯಿಂದ ಬಿಡಿಸುವುದನ್ನೇ ಬಿಟ್ಟುಬಿಟ್ಟಾರು. ರಜೆಯಲ್ಲಿ ಇಲ್ಲಿಗೆ ಕರೆದುಕೊಂಡು ಬಾ; ಈ ಬೆನ್ನಿನ ಡೊಂಕನ್ನು ಅವರು ಕಣ್ಣಾರೆ ನೋಡಲಿ. ಪ್ರೀತಿಯಿಂದಲೇ ಆದದ್ದು ಇದು ಎಂದು ನಾನು ಹೇಳುತ್ತೇನೆ.

ಬಂದವರು ಎದ್ದು ನುಗ್ಗೆಯ ಮರದಾಚೆ ಹೋಗಿ ಫೋನ್ ಹಚ್ಚಿದರು. ಮೊದಲ ಕರೆ ದೀರ್ಘವಾಗಿತ್ತು. ಎರಡನೆಯದರಲ್ಲಿ ಗೋಣಿ, ಕತ್ತರಿ, ನೀರು ಎಂಬ ಮಾತುಗಳು ಮತ್ತೆ ಮತ್ತೆ ಕೇಳಿಬಂದವು. ಅವರು ಮರಳಿ ಬಂದು ಕೈ ತೊಳೆಯುವ ಹೊತ್ತಿಗೆ ಗುಡ್ಡದ ಬಂಡೆಗಳು ಕಾಯತೊಡಗಿದ್ದವು. ಗೂಡಿನೊಳಗೆ ಹಸಿರು ಪ್ರಾಣಿ ತಲೆಯೆತ್ತಿ, ಮುಂಗಾಲುಗಳ ಮೇಲೆ ಮೈಯನ್ನು ನೆಲೆಗೊಳಿಸಿ, ಒಂದು ಬೆರಳಿಲ್ಲದ ಪಾದವನ್ನು ಮುಂದಿಟ್ಟು, ಕೊಂಬೆಯ ಉದ್ದಕ್ಕೂ ನಿಧಾನವಾಗಿ ನೆರಳಿನ ಕಡೆಗೆ ನಡೆದುಹೋಯಿತು. ಗುರುಗಳು ಕುಳಿತಲ್ಲಿಂದ ಏಳಲಿಲ್ಲ.